ಬಾವ್ಯಾಗ ಏನ ಹಾಕಿದಿ

ಗುರುವಾರ ಮಧ್ಯಾಹ್ನ ಹೊಳೆಹೊಸಳ್ಳಿಯಿಂದ ಐದು ಮಂದಿ ರೋಗಿಗಳನ್ನು ತುಂಬಿಕೊಂಡು ಜೀಪು ಹೊರಟು ನಿಂತಿತ್ತು. ಅಣ್ಣಾಜಿ ಡಾಕ್ಟರು ತಲೆ ಹೊರಗೆ ಹಾಕಿ ಆ ಊರಿನ ನರ್ಸು ಜುಬೇದಾಳನ್ನು ಹತ್ತಿರ ಕರೆದರು.

“ಸೋಮವಾರ ಮುಂಜಾನೆ ಬಸವಣ್ಣನ ಕಟ್ಟಿ ಮುಂದ ಊರಮಂದಿ ಕೂಡ್ತಾರ, ಸಿಸ್ಟರ್. ಮೆಂಬರ ಗುಡ್ಡಪ್ಪ ಡಂಗುರ ಹೊಡಸ್ತೇನಿ ಅಂದಾನ. ನನಗ ಬರಲಿಕ್ಕೆ ಆಗೂದಿಲ್ಲ, ರಾಣೆಬೆನ್ನೂರಾಗ ದವಾಖಾನಿ ತುಂಬಿ ಹೋಗೇದ. ನೀವ ಮಾತಾಡ್ರಿ.”

“ಸರ್, ನನಗ ಮಂದ್ಯಾಗ ನಿಂತು ಮಾತಾಡಾಕ ಬರೂದಿಲ್ರಿ.”

“ಬರೂದಿಲ್ಲ ಅಂದ್ರ ಹೆಂಗ? ಇನ್ನೂ ಮೂರು ದಿನ ಅದ. ತಯಾರಿ ಮಾಡಿಕೊಳ್ರಿ. ಅವರು ನೀರು ಕುದಿಸಿ ಕುಡೀಬೇಕು, ಅಷ್ಟ.”

ಜೀಪು ಕೆಸರು ಸಿಡಿಸುತ್ತ ಮೇಡ್ಲೇರಿಯ ರಸ್ತೆ ಹಿಡಿಯಿತು. ಜುಬೇದಾ ಅದು ಮರೆಯಾಗುವ ತನಕ ನಿಂತಿದ್ದಳು. ಆಮೇಲೆ ತಾನು ಒಬ್ಬಳೇ ರಸ್ತೆಯ ಮೇಲೆ ನಿಂತಿದ್ದೇನೆ ಎಂಬುದು ಅರಿವಾಗಿ ಬೇಗ ಬೇಗ ಆರೋಗ್ಯ ಉಪಕೇಂದ್ರದ ಒಳಗೆ ಬಂದು ಅಗಳಿ ಹಾಕಿಕೊಂಡಳು. ಹಾಡುಹಗಲೇ ಅಗಳಿ ಹಾಕಿದ್ದು ಆಕೆಗೆ ಎರಡು ವರ್ಷದಲ್ಲಿ ಅದೇ ಮೊದಲು.

ಅದು ಸಾವಿರದ ಒಂಬೈನೂರ ಎಂಬತ್ತೆಂಟರ ಮೃಗಶಿರ ಮಳೆಯ ಕಾಲ. ಜುಬೇದಾಳಿಗೆ ಇಪ್ಪತ್ತಾರು ವರ್ಷ, ತವರು ಬ್ಯಾಡಗಿ. ನರ್ಸು ತರಬೇತಿ ಮುಗಿಸಿ ತುಂಗಭದ್ರೆಯ ದಂಡೆಯ ಈ ಸಣ್ಣ ಹಳ್ಳಿಗೆ ಬಂದವಳು ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಒಬ್ಬೊಬ್ಬ ಹೆಂಗಸಿಗೂ ತಿಳಿಹೇಳಿ ಹೆಸರು ಗಳಿಸಿದ್ದಳು. ಎದುರಿಗೆ ಒಬ್ಬರಿದ್ದರೆ ಆಕೆಯ ಮಾತು ನೀರು ಹರಿದಂತೆ ಹರಿಯುತ್ತಿತ್ತು. ಹತ್ತು ಜನ ಕೂಡಿದರೆ ನಾಲಿಗೆ ಅರಿವೆಯ ತುಂಡಿನ ಹಾಗೆ ಬಾಯಲ್ಲಿ ಬಿದ್ದುಕೊಳ್ಳುತ್ತಿತ್ತು. ಹೋದ ವರ್ಷ ಮೇಡ್ಲೇರಿಯ ಒಂದು ಮಹಿಳಾ ಸಭೆಯಲ್ಲಿ “ಎಲ್ಲರಿಗೂ ನಮಸ್ಕಾರ” ಎಂದವಳಿಗೆ ಮುಂದಿನದು ಒಂದಕ್ಷರವೂ ನೆನಪಾಗದೆ, ಹಾಗೆಯೇ ಕೆಳಗೆ ಕುಳಿತುಬಿಟ್ಟಿದ್ದಳು. ಅಲ್ಲಿದ್ದವರು ನಕ್ಕ ನಗು ಈಗಲೂ ಕಿವಿಯಲ್ಲಿತ್ತು.

ಆದರೆ ಈ ಸಲದ ಹೆದರಿಕೆ ಬೇರೆ. ಎರಡು ವಾರದಲ್ಲಿ ಊರಿನ ಮೂವತ್ತನಾಲ್ಕು ಮಂದಿಗೆ ವಾಂತಿಭೇದಿ ಹತ್ತಿತ್ತು. ಇಬ್ಬರು ತೀರಿಕೊಂಡಿದ್ದರು. ಮೊದಲ ಕೆಲವರು ಬಿದ್ದ ಕೂಡಲೇ ಜುಬೇದಾ ಊರ ನಡುವಿನ ಸೀನೀರ ಬಾವಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕಿದ್ದಳು. ಹಾಗೆ ಹಾಕುವುದೇ ಆಕೆಯ ಕೆಲಸ. ಆದರೆ ನಿನ್ನೆ ಹಿಟ್ಟಿನ ಗಿರಣಿಯ ಗೋಡೆಯ ಆಚೆಯಿಂದ ಆಕೆಗೆ ಒಂದು ಮಾತು ಕೇಳಿಸಿತ್ತು.

“ಆ ನರ್ಸಬಾಯಿ ಬಾವ್ಯಾಗ ಬಿಳೇ ಪುಡಿ ಸುರುವಿದಾಗಿಂದನ ಊರಿಗೆ ಬ್ಯಾನಿ ಬಂತು ನೋಡು.”

“ಏನ ಹಾಕಿದ್ಳೋ ಯಾರು ಕಂಡಾರ? ಆಕಿ ಯಾವ ಮಂದಿ ಪೈಕಿ ಅನ್ನೂದು ನೋಡಬೇಕಲ್ಲ.”

ಆ ಎರಡನೆಯ ಮಾತು ಆಡಿದವರು ಯಾರೆಂದು ನೋಡುವ ಧೈರ್ಯ ಆಕೆಗೆ ಆಗಲಿಲ್ಲ. ಹಿಟ್ಟಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದಿದ್ದಳು. ಈಗ ಅದೇ ಮಂದಿಯ ನಡುವೆ ನಿಂತು, ನೀರಿನ ಬಗ್ಗೆಯೇ ಮಾತಾಡಬೇಕು.

ಸಂಜೆಯ ತನಕ ಕುಳಿತು ಮಾಸಿಕ ವರದಿಯ ಹಾಳೆಯ ಹಿಂಭಾಗದಲ್ಲಿ ಭಾಷಣ ಬರೆದಳು. ಇಲಾಖೆಯ ಕೈಪಿಡಿ ಮುಂದಿತ್ತು. ‘ಮಾನ್ಯ ಗ್ರಾಮಸ್ಥರೇ, ಕಲುಷಿತ ನೀರಿನಿಂದ ಹರಡುವ ರೋಗಗಳು ಅನೇಕ’ ಎಂದು ಶುರುವಾಗಿ ಎರಡು ಪುಟ ತುಂಬಿತು. ಓದಿ ನೋಡಿದಳು. ತಪ್ಪೇನೂ ಇರಲಿಲ್ಲ. ಆದರೆ ಗಿರಣಿಯ ಗೋಡೆಯ ಆಚೆಯ ಆ ದನಿಗೆ ಇದರಲ್ಲಿ ಒಂದು ಸಾಲೂ ಉತ್ತರವಾಗುವಂಥದ್ದಿರಲಿಲ್ಲ. ಯಾರು ಯಾರು ಯಾವತ್ತು ಬಿದ್ದರು, ಎಲ್ಲಿಯ ನೀರು ಕುಡಿದಿದ್ದರು ಎಂಬುದನ್ನು ಪಕ್ಕಾ ಮಾಡಿಕೊಂಡು ಹೋದರೆ ಕೈಯಲ್ಲಿ ಏನಾದರೂ ಆಧಾರ ಇರುತ್ತದೆ ಎಂದುಕೊಂಡಳು.

ಶುಕ್ರವಾರ ಮುಂಜಾನೆ ರಜಿಸ್ಟರು ಹಿಡಿದು ಮನೆಮನೆಗೆ ಹೊರಟಳು. ಮೊನ್ನೆಮೊನ್ನೆಯವರೆಗೆ “ಬರ್ರಿ ಬಾಯಾರ, ಚಹಾ ಕುಡೀರಿ” ಎನ್ನುತ್ತಿದ್ದ ಮನೆಗಳಲ್ಲಿ ಬಾಗಿಲು ಅರ್ಧವಷ್ಟೇ ತೆರೆಯುತ್ತಿತ್ತು. ಒಬ್ಬ ಮುದುಕಿ ಕಟ್ಟೆಯ ಮೇಲೆ ಆಡುತ್ತಿದ್ದ ಮೊಮ್ಮಗಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಜುಬೇದಾ ಪ್ರತಿ ಮನೆಯಲ್ಲೂ ಎರಡೇ ಪ್ರಶ್ನೆ ಕೇಳುತ್ತಿದ್ದಳು: ಯಾವತ್ತು ಶುರುವಾಯಿತು, ಕುಡಿಯುವ ನೀರು ಎಲ್ಲಿಯದು. ಬಾಗಿಲ ಸಂದಿಯಿಂದ ಬಂದ ಉತ್ತರ ಬರೆದುಕೊಳ್ಳುವಾಗ ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ರಜಿಸ್ಟರಿನಲ್ಲಿ ಒಂದೇ ಮಾತು ಮೇಲಿಂದ ಕೆಳತನಕ ಇಳಿದಿತ್ತು: ಸೀನೀರ ಬಾವಿ, ಸೀನೀರ ಬಾವಿ, ಸೀನೀರ ಬಾವಿ.

ಕೊನೆಗೆ ಹೊಳೆದಂಡೆಯ ಓಣಿಗೆ ಬಂದಳು. ಅಲ್ಲಿ ಇಪ್ಪತ್ತೆರಡು ಮನೆ. ಹರಿಗೋಲು ಹಾಕುವವರು, ಮೀನು ಹಿಡಿಯುವವರು. ಹೊಳೆಯ ಮರಳಿನಲ್ಲಿ ಮೊಣಕಾಲುದ್ದ ತೋಡಿದರೆ ತಿಳಿನೀರು ಜಿನುಗಿ ನಿಲ್ಲುತ್ತದೆ, ಅದನ್ನು ಅವರು ವರತಿ ಎನ್ನುತ್ತಾರೆ. ಅಜ್ಜ ಮುತ್ತಜ್ಜರ ಕಾಲದಿಂದಲೂ ಆ ಓಣಿ ಕುಡಿದದ್ದು ವರತಿ ನೀರೇ. ಬೇಸಿಗೆಯಲ್ಲಿ ಜುಬೇದಾ ಈ ಓಣಿಗೆ ಹತ್ತು ಸಲವಾದರೂ ಬಂದು, ಹೊಳೆಯ ನೀರು ಬಿಡಿ, ಕಟ್ಟಿಸಿದ ಬಾವಿಯ ನೀರು ತನ್ನಿ ಎಂದು ಹೇಳಿ ಹೋಗಿದ್ದಳು.

ಹರಿಗೋಲಿನ ಮುದುಕ ಮಕ್ತುಮಸಾಬ ಬಲೆ ಸರಿಮಾಡುತ್ತ ಕುಳಿತಿದ್ದ. ಆಕೆಯನ್ನು ಕಂಡು ಎದ್ದು ನಿಂತ.

“ಶೇಖವ್ವನ ಮನಿ ಬಿಟ್ರ ನಮ್ಮ ಓಣ್ಯಾಗ ಯಾರಿಗೂ ಏನೂ ಆಗಿಲ್ಲ ಬಾಯಾರ. ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ಅಷ್ಟು ಹೇಳಿದ್ರೂ ನಾವು ವರತಿ ನೀರು ಬಿಡಲಿಲ್ಲ. ಬಾವಿ ದೂರ ಆಕ್ಕೈತಿ, ಹೆಣ್ಮಕ್ಕಳು ಬ್ಯಾಸರ ಮಾಡಿಕೊಂಡ್ರು. ಆ ಶೇಖವ್ವ ಒಬ್ಬಾಕಿನ ನಿಮ್ಮ ಮಾತು ಕೇಳಿ ದಿನಾ ಬಾವಿಗೆ ಹೋಗ್ತಿದ್ಲು.”

ಮುದುಕ ತಪ್ಪೊಪ್ಪಿಕೊಳ್ಳುವವನ ಹಾಗೆ ತಲೆ ಕೆಳಗೆ ಹಾಕಿದ. ಜುಬೇದಾಳ ಕೈಯ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು.

ಇಪ್ಪತ್ತೆರಡು ಮನೆಯಲ್ಲಿ ರೋಗ ಹೊಕ್ಕದ್ದು ಒಂದೇ ಮನೆಗೆ. ಸತ್ತದ್ದು ಒಂದೇ ಕೂಸು, ಶೇಖವ್ವನ ನಾಲ್ಕು ವರ್ಷದ ಗಂಗಿ. ಇಡೀ ಊರಿನಲ್ಲಿ ಜುಬೇದಾಳನ್ನು ‘ಬಾಯಿ’ ಎಂದು ಏಕವಚನದಲ್ಲಿ ಕರೆಯುವ, ಹೊಸ ಮೀನು ಬಂದರೆ ಬಾಗಿಲಿಗೆ ತಂದುಕೊಡುವ ಶೇಖವ್ವ. ‘ನೀನಾದರೂ ಬಾವಿಯ ನೀರು ತಾ, ನಿನ್ನನ್ನು ನೋಡಿ ಉಳಿದವರು ಕಲಿಯುತ್ತಾರೆ’ ಎಂದು ಜುಬೇದಾ ಗೋಗರೆದಿದ್ದಳು. ಶೇಖವ್ವ ಕಲಿತಿದ್ದಳು.

ಆಕೆಯ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಶೇಖವ್ವ ಸಣ್ಣ ಕೂಸಿಗೆ ಹಾಲೂಡುತ್ತ ಗೋಡೆಗೆ ಒರಗಿ ಕುಳಿತಿದ್ದಳು. ಜುಬೇದಾ ಒಳಗೆ ಹೋಗಲಿಲ್ಲ. ಗೋಡೆಯ ಬದಿಗೆ ಸರಿದು, ಕಳ್ಳಿಯ ಹಾಗೆ ಸದ್ದಾಗದಂತೆ ಹೊಳೆಯ ಕಡೆಯಿಂದ ಸುತ್ತುಹಾಕಿ ಮನೆಗೆ ಬಂದಳು.

ಶನಿವಾರ ಮುಂಜಾನೆ ಮೊದಲ ಬಸ್ಸಿಗೆ ಕೈಚೀಲದಲ್ಲಿ ಎರಡು ಸೀರೆ, ರಜಿಸ್ಟರು, ಬರೆದ ಭಾಷಣ ತುಂಬಿಕೊಂಡು ಹತ್ತಿದಳು. ಎರಡು ಸೀರೆ ಯಾಕೆ ಎಂದು ತನಗೆ ತಾನೇ ಹೇಳಿಕೊಂಡಿರಲಿಲ್ಲ. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಹೆದ್ದಾರಿಗೆ ಬಿದ್ದಾಗ ಅದು ತಿಳಿಯಿತು. ಮೋಟೆಬೆನ್ನೂರಿನಲ್ಲಿ ಇಳಿದರೆ ಬ್ಯಾಡಗಿ ಹತ್ತಿರ. ಅಮ್ಮ ಹಾಜಿರಾಬಿ ಬಾಗಿಲಲ್ಲೇ ಇರುತ್ತಾಳೆ. ಮೈಯಲ್ಲಿ ಹುಷಾರಿಲ್ಲ ಎಂದು ತಾರು ಕೊಟ್ಟರೆ ಸೋಮವಾರ ಕಳೆದುಹೋಗುತ್ತದೆ. ಡಾಕ್ಟರು ಬೇರೆ ಯಾರನ್ನಾದರೂ ಕಳಿಸಿಯಾರು. ಊರವರೇನು ತನ್ನನ್ನು ಹುಡುಕಿಕೊಂಡು ಬರುತ್ತಾರೆಯೇ?

ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಿತು. ಕಂಡಕ್ಟರು “ಬ್ಯಾಡಗಿಗೆ ಹೋಗಾವ್ರು ಇಳೀರಿ” ಎಂದು ಕೂಗಿದ. ಜುಬೇದಾ ಎದ್ದು ನಿಂತಳು. ಇಳಿಯುವವರ ಸಾಲಿನಲ್ಲಿ ಮುಂದೆ ಒಬ್ಬ ಹೆಂಗಸು ಮಗಳ ಕೈಹಿಡಿದು ಇಳಿಯುತ್ತಿದ್ದಳು. ಮಗುವಿಗೆ ನಾಲ್ಕೋ ಐದೋ ವರ್ಷ, ಕಾಲಲ್ಲಿ ಗೆಜ್ಜೆ. ಮೆಟ್ಟಿಲು ಎತ್ತರವಾಗಿ ಅದು ತಡೆದು ನಿಂತಿತು, ಹಿಂದಿದ್ದ ಜುಬೇದಾ ಅದರ ಕಂಕುಳಿಗೆ ಕೈಹಾಕಿ ಕೆಳಗಿಳಿಸಿದಳು. ಇಳಿಸಿದವಳು ತಾನು ಇಳಿಯಲಿಲ್ಲ. ಸೀಟಿಗೆ ಮರಳಿ ಕುಳಿತು, ಹಾವೇರಿಗೆ ಟಿಕೇಟು ಕೊಡಿ ಎಂದಳು.

ಹಾವೇರಿಯಲ್ಲಿ ಸರಸ್ವತೀಬಾಯಿಯವರಿದ್ದರು. ತರಬೇತಿಯಲ್ಲಿ ಜುಬೇದಾಳಿಗೆ ಪಾಠ ಹೇಳಿದ ಹಿರಿಯ ನರ್ಸು, ಈಗ ನಿವೃತ್ತರು. ಪಡಸಾಲೆಯಲ್ಲಿ ಕುಳಿತು ಕೊತ್ತಂಬರಿ ಸೋಸುತ್ತಿದ್ದವರು ಆಕೆಯ ಮುಖ ನೋಡಿ ಬೇರೇನೂ ಕೇಳದೆ ನೀರು ಕೊಟ್ಟರು. ಎಲ್ಲ ಕೇಳಿಸಿಕೊಂಡ ಮೇಲೆ, “ಬರದದ್ದು ಓದು” ಎಂದರು.

ಜುಬೇದಾ ಎರಡು ಪುಟ ಓದಿದಳು.

“ಇದನ್ನ ಯಾರಿಗೆ ಬರದೀ?”

“ಊರಮಂದಿಗ್ರಿ ಸಿಸ್ಟರ್.”

“ಅಲ್ಲ. ಇದು ನಿಮ್ಮ ಡಾಕ್ಟರಿಗೆ ಬರದದ್ದು. ಹುಡುಗಿ ತಪ್ಪಿಲ್ಲದ ಮಾತಾಡ್ಯಾಳ ಅಂತ ಅವರಿಗೆ ಅನಸ್ಲಿ ಅಂತ. ಊರಮಂದಿ ಕಟ್ಟಿ ಮುಂದ ಬಂದು ಕೂತಾಗ ಅವರ ಮನಸ್ಸಿನ್ಯಾಗ ಮೊದಲ ಏನಿರ್ತದ, ಅದನ್ನ ಹೇಳು.”

ಜುಬೇದಾ ಹಾಳೆಯ ಅಂಚು ಮಡಚತೊಡಗಿದಳು.

“ಹೇಳು. ನಿನಗ ಗೊತ್ತದ.”

“ಬಾವ್ಯಾಗ ಏನ ಹಾಕಿದಿ ಅಂತ,” ಎಂದಳು, ಅರ್ಧ ದನಿಯಲ್ಲಿ.

“ಹಾಂ. ಅದಕ್ಕ ಉತ್ತರ ಸಿಗೂತನ ಅವರ ಕಿವಿ ತೆರಿಯೂದಿಲ್ಲ. ಅದರಿಂದನ ಸುರು ಮಾಡು. ನೀ ಹಾಳಿ ಓದಬ್ಯಾಡ, ಅವರ ನೆನಪಿನ್ಯಾಗ ಇದ್ದದ್ದನ್ನ ಅವರ ಬಾಯಿಂದ ಹೊರಡಿಸು. ಪುಡಿ ಯಾವತ್ತು ಹಾಕಿದಿ?”

“ಬುಧವಾರ್ರಿ. ಅದಕ್ಕೂ ಮೊದಲ ಐದು ಮಂದಿಗೆ ಸುರು ಆಗಿತ್ತು. ರಜಿಸ್ಟರನ್ಯಾಗ ಐತ್ರಿ.”

“ರಜಿಸ್ಟರು ಯಾರು ನಂಬತಾರ? ಅವರಿಗೆ ದಿನ ನೆನಪಿರ್ತದ. ಕೇಳು.” ಸರಸ್ವತೀಬಾಯಿ ಮೊರವನ್ನು ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದನಿ ಒರಟು ಮಾಡಿದರು. “ಈಗ ನಾ ನಿಮ್ಮೂರ ಮಂದಿ. ಬಾವಿ ನಮ್ಮಪ್ಪ ಕಟ್ಟಿಸಿದ್ದು. ಇಷ್ಟು ವರ್ಷ ಕುಡದೇವಿ, ಏನೂ ಆಗಲಿಲ್ಲ. ಈಗ ಯಾಕ ಕೆಡ್ತು? ಹೇಳವಾ.”

“ಹೊಲಸು ನೀರು ಇಳದೈತ್ರಿ.”

“ಎಲ್ಲಿಂದ ಇಳೀತು? ಬಾವಿ ಹತ್ತರ ಹೊಸಾದು ಏನ ಆಗೇದ ಈ ವರ್ಷ?”

ಬಾವಿಗೆ ಹತ್ತಿದಂತೆ ಗುಡ್ಡಪ್ಪನ ಹಿತ್ತಲಗೋಡೆ. ಗುಡ್ಡಪ್ಪ ಮಂಡಲ ಪಂಚಾಯ್ತಿಯ ಮೆಂಬರು, ಊರಿನ ಹಿರಿಯ. ಅವನ ಸೊಸೆ ಮುತ್ತವ್ವ ಬಸುರಿ, ಅವಳು ಕತ್ತಲೆಯಲ್ಲಿ ಬಯಲಿಗೆ ಹೋಗುವುದು ಬೇಡ ಎಂದು ಜುಬೇದಾ ಎರಡು ತಿಂಗಳು ಬೆನ್ನು ಹತ್ತಿ ಯುಗಾದಿಯ ಹೊತ್ತಿಗೆ ಅವನ ಹಿತ್ತಲಲ್ಲಿ ಸಂಡಾಸ ಕಟ್ಟಿಸಿದ್ದಳು. ಊರಿಗೆ ಅದೇ ಮೊದಲ ಸಂಡಾಸ. ಡಾಕ್ಟರು ಬಂದು ನೋಡಿ ಹೊಗಳಿದ್ದರು.

“ಒಂದು ಸಂಡಾಸ ಆಗೇತ್ರಿ,” ಎಂದಳು.

“ಗುಂಡಿಗೂ ಬಾವಿಗೂ ಎಷ್ಟು ದೂರ?”

“ನಡುವ ಗ್ವಾಡಿ ಐತ್ರಿ...”

“ಗ್ವಾಡಿ ಮಣ್ಣಿನ ಒಳಗ ಇರ್ತದೇನು? ಇಪ್ಪತ್ತು ಹೆಜ್ಜಿ ಇರಬೇಕು ಅಂತ ನಾ ನಿಮಗ ಬಾಯಿಪಾಠ ಮಾಡಿಸಿದ್ದೆ. ಜಾಗಾ ತೋರಿಸಿದವರು ಯಾರು?”

ಹಿತ್ತಲಲ್ಲಿ ನಿಂತು “ಇಲ್ಲೇ ಇರಲ್ರಿ, ಮುತ್ತವ್ವಗ ಮನಿಯಿಂದ ಸಮೀಪ ಆಕ್ಕೈತಿ” ಎಂದ ತನ್ನದೇ ದನಿ ಜುಬೇದಾಳಿಗೆ ಕೇಳಿಸಿತು.

“ನಾನ್ರಿ.”

“ಅಳತಿ ಮಾಡಿದ್ದೇನು?”

“ಇಲ್ರಿ.”

ಜುಬೇದಾ ಓದಿದ ಹಾಳೆಗಳನ್ನು ಮಡಚಿ ಚೀಲಕ್ಕೆ ತುರುಕಿದಳು. ಸರಸ್ವತೀಬಾಯಿ ಆಕೆಯ ಬೆನ್ನ ಮೇಲೆ ಕೈ ಇಟ್ಟರು, ಆದರೆ ಸಮಾಧಾನದ ಮಾತು ಹೇಳಲಿಲ್ಲ.

“ಮೊದಲ ಹೋಗಿ ಅಳತಿ ಮಾಡು. ಆಮ್ಯಾಲ ಆ ಗುಂಡ್ಯಾಗ ಎರಡು ಬಾಟ್ಲಿ ಚಿಮಣಿ ಎಣ್ಣಿ ಸುರುವು. ಬಾವಿ ನೀರಿಗೆ ವಾಸನಿ ಬಂದ್ರ ಖಾತ್ರಿ ಆತು. ನೀರು ಧಾರವಾಡಕ್ಕ ಕಳಿಸಿದ್ರ ರಿಪೋರ್ಟು ಬರೂದ್ರಾಗ ಇನ್ನೂ ಹತ್ತು ಮಂದಿ ಬೀಳ್ತಾರ.”

“ಜಾಗಾ ನಾ ತೋರಿಸಿದ್ದು ಅಂತನೂ ಹೇಳಬೇಕೇನ್ರಿ?” ಆಕೆಯ ದನಿ ಚಿಕ್ಕ ಹುಡುಗಿಯದಾಗಿತ್ತು. “ಅವರು ನನ್ನ ಹೊಡದ ಹಾಕ್ತಾರ್ರಿ ಸಿಸ್ಟರ್. ಮೊದಲ ಬಾವ್ಯಾಗ ವಿಷ ಹಾಕ್ಯಾಳ ಅನ್ನಾಕತ್ತಾರ.”

“ಅದನ್ನ ನಾ ಹೇಳೂದಿಲ್ಲ, ನೀನ ಠರಾಯಿಸು. ಆದ್ರ ಗುಡ್ಡಪ್ಪ ಎದ್ದು ನಿಂತು ‘ಕಟ್ಟಸಂದಾಕಿ ಯಾರು?’ ಅಂದಾಗ ಏನ ಹೇಳ್ತಿ ಅನ್ನೂದನ್ನ ಬಸ್ಸಿನ್ಯಾಗ ಯೋಚನಿ ಮಾಡಿಕೊಂತ ಹೋಗು.”

ಭಾನುವಾರ ನಡುಮಧ್ಯಾಹ್ನ, ಗಂಡಸರು ಹೊಲದಲ್ಲಿದ್ದ ಹೊತ್ತಿಗೆ, ಜುಬೇದಾ ಸೀಮೆಎಣ್ಣೆಯ ಎರಡು ಬಾಟಲಿಗಳನ್ನು ಚೀಲದಲ್ಲಿಟ್ಟು, ಮೇಲೆ ಬಸುರಿಯರಿಗೆ ಕೊಡುವ ಗುಳಿಗೆಯ ಪೊಟ್ಟಣಗಳನ್ನು ಹರಡಿಕೊಂಡು ಗುಡ್ಡಪ್ಪನ ಹಿತ್ತಲಿಗೆ ಹೋದಳು. ಬಾವಿಗೆ ಪುಡಿ ಹಾಕಿದವಳು ಎಂದು ಆಡಿಕೊಳ್ಳುವ ಊರಿನಲ್ಲಿ ಈಗ ಮತ್ತೇನೋ ಸುರಿಯಲು ಹೊರಟವಳನ್ನು ಯಾರಾದರೂ ಕಂಡರೆ ಮುಗಿದೇ ಹೋಯಿತು. ಮುತ್ತವ್ವ ಒಬ್ಬಳೇ ಇದ್ದಳು, ಏಳು ತಿಂಗಳ ಹೊಟ್ಟೆ. ಅವಳಿಗೆ ವಿಷಯವನ್ನು ಮುಚ್ಚಿಡುವುದು ಜುಬೇದಾಳಿಂದ ಆಗಲಿಲ್ಲ. ಎಲ್ಲ ಹೇಳಿದಳು.

ಮುತ್ತವ್ವ ಹೆದರಿ ಬಾಗಿಲ ಕಡೆ ನೋಡಿದಳು. “ಮಾವಾರಿಗೆ ಗೊತ್ತಾದ್ರ ನನ್ನ ಗತಿ?”

“ನಿನ್ನ ಹೆಸರು ನನ್ನ ಬಾಯಾಗ ಬರೂದಿಲ್ಲ. ಅಲ್ಲಾನಾಣೆ.”

ಎಣ್ಣೆ ಸುರಿಯುವಾಗ ಬಾಟಲಿಯ ಬಾಯಿ ಕಲ್ಲಿಗೆ ತಾಗಿ ಟಕಟಕ ಸದ್ದು ಮಾಡಿತು. ಆಮೇಲೆ ಗೋಡೆಯ ಒಡಕಿನಿಂದ ದಾಟಿ, ಗುಂಡಿಯಿಂದ ಬಾವಿಯ ಕಟ್ಟೆಯ ತನಕ ಹೆಜ್ಜೆ ಎಣಿಸಿದಳು. ಹನ್ನೊಂದು. ನಂಬಿಕೆಯಾಗದೆ, ಹೆಜ್ಜೆ ಸಣ್ಣದು ಮಾಡಿ ಮತ್ತೆ ಎಣಿಸಿದಳು. ಹದಿಮೂರು.

ಸೋಮವಾರ ನಸುಕಿನಲ್ಲಿ ಮುತ್ತವ್ವ ಬಾವಿಯಿಂದ ಸೇದಿದ ಒಂದು ತಂಬಿಗೆ ನೀರನ್ನು ಉಪಕೇಂದ್ರದ ಕಟ್ಟೆಯ ಮೇಲಿಟ್ಟು, ಬಾಗಿಲು ಬಡಿಯದೆ ಹೋಗಿಬಿಟ್ಟಿದ್ದಳು. ಜುಬೇದಾ ತಂಬಿಗೆಯನ್ನು ಮೂಗಿನ ಹತ್ತಿರ ತಂದಳು. ಸೀಮೆಎಣ್ಣೆಯ ವಾಸನೆ ಅನುಮಾನಕ್ಕೆ ಎಡೆಯಿಲ್ಲದಂತೆ ಬಡಿಯಿತು. ಇದು ನಿಜವಾಗದಿರಲಿ ಎಂದು ರಾತ್ರಿಯೆಲ್ಲ ಬೇಡಿಕೊಂಡಿದ್ದಳು.

ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲವಾದ್ದರಿಂದ ಗಂಡಸರೆಲ್ಲ ಊರಲ್ಲೇ ಇದ್ದರು. ಬಿಸಿಲೇರುವ ಹೊತ್ತಿಗೆ ಬಸವಣ್ಣನ ಕಟ್ಟೆಯ ಮುಂದೆ ಇನ್ನೂರು ಮಂದಿ ಕೂಡಿದ್ದರು. ಕಟ್ಟೆಯ ಮೇಲೆ ಗುಡ್ಡಪ್ಪ, ಕೆಳಗೆ ಗಂಡಸರು, ಬೇವಿನ ಮರದ ನೆರಳಿಗೆ ಹೆಂಗಸರು. ಹೆಂಗಸರ ಕೊನೆಯ ಸಾಲಿನಲ್ಲಿ ಶೇಖವ್ವ, ಹೆಗಲ ಮೇಲೆ ಕೂಸು. ಅವಳು ಬಂದಾಳೆಂದು ಜುಬೇದಾ ಎಣಿಸಿರಲಿಲ್ಲ. ಮೂರು ದಿನ ಮಾಡಿಕೊಂಡ ತಯಾರಿ ಅವಳನ್ನು ಕಂಡ ಕ್ಷಣಕ್ಕೆ ತಲೆಯಿಂದ ಹಾರಿಹೋಯಿತು.

ಗುಡ್ಡಪ್ಪ, “ಡಾಕ್ಟರ ಬರಾಕ ಆಗಲಿಲ್ಲಂತ. ಬಾಯಾರು ಮಾತಾಡ್ತಾರ, ಗದ್ದಲ ಮಾಡಬ್ಯಾಡ್ರಿ” ಎಂದ.

ಜುಬೇದಾ ಎದ್ದು ನಿಂತಳು. ಯಾರೋ ಕೆಮ್ಮಿದರು. ಬಾಯಿ ತೆರೆದರೆ ಮಾತು ಬರುವುದಿಲ್ಲ ಎಂಬುದು ಗೊತ್ತಿತ್ತು. ಮೇಡ್ಲೇರಿಯಲ್ಲಿ ಆದಂತೆಯೇ ಆಗುತ್ತದೆ. ಆದರೆ ಅಲ್ಲಿ ಜನ ನಕ್ಕಿದ್ದರು, ಇಲ್ಲಿ ನಗುವ ಮುಖ ಒಂದೂ ಇರಲಿಲ್ಲ.

“ಬಾವ್ಯಾಗ...” ಎಂದಳು. ದನಿ ಬಿರಿಯಿತು. ಮತ್ತೆ ಹೇಳಿದಳು. “ಬಾವ್ಯಾಗ ಏನ ಹಾಕಿದಿ ಅಂತ ನೀವು ಕೇಳಾಕತ್ತೀರಿ. ಮೊದಲ ಅದನ್ನ ಹೇಳ್ತೇನಿ.”

ಗುಜುಗುಜು ಒಮ್ಮೆಲೇ ನಿಂತಿತು. ಯಾರೂ ಎದುರಾಎದುರಿಗೆ ಕೇಳಿರದ ಪ್ರಶ್ನೆಯನ್ನು ಆಕೆಯೇ ತೆಗೆದು ನಡುವೆ ಇಟ್ಟಿದ್ದಳು.

“ನಾ ಪುಡಿ ಹಾಕಿದ್ದು ಯಾವತ್ತು? ನಿಮಗ ನೆನಪೈತೇನ್ರಿ?”

“ಬುಧವಾರ,” ಎಂದ ಹಿಂದಿನಿಂದ ಒಬ್ಬ. “ಮೇಡ್ಲೇರಿ ಬಸ್ಸಿಗೆ ಡಬ್ಬಿ ಬಂದಿದ್ವು. ನಾನ ಇಳಿಸಿದ್ದೆ.”

“ನಿಮ್ಮ ಮನ್ಯಾಗ ನಿಮ್ಮ ಅವ್ವಗ ಹೊಟ್ಟಿ ಕೆಟ್ಟದ್ದು ಯಾವತ್ರಿ?”

ಅವನು ಲೆಕ್ಕ ಹಾಕಿದ. “ಸೋಮವಾರ. ಎತ್ತು ತೊಳ್ಯಾಕ ಹೋಗಿದ್ದೆ, ಕರಿಯಾಕ ಬಂದ್ರು... ಸೋಮವಾರನ.”

“ಅಂದ್ರ ಪುಡಿ ಬರೂಕ್ಕಿಂತ ಮೊದಲ.”

ಇನ್ನೊಬ್ಬಳು ತಾನಾಗಿ, “ನಮ್ಮನ್ಯಾಗ ಮಂಗಳವಾರ” ಎಂದಳು. ಮತ್ತೊಬ್ಬರು, ಮಗದೊಬ್ಬರು. ಜನ ತಮ್ಮತಮ್ಮಲ್ಲೇ ದಿನ ಕೂಡಿಸಿ ಕಳೆಯತೊಡಗಿದರು. ಜುಬೇದಾ ಆ ಗದ್ದಲದಲ್ಲಿ ಒಮ್ಮೆ ಉಸಿರೆಳೆದುಕೊಂಡಳು.

“ಪುಡಿ ವಿಷ ಅಲ್ಲ. ಆದ್ರ ಬಾವಿ ಕೆಟ್ಟೈತಿ, ಅದು ಖರೇ. ಬ್ಯಾನಿ ಬಿದ್ದಾವ್ರೆಲ್ಲಾ ಅದ ನೀರು ಕುಡದಾವ್ರು. ಹೊಳಿ ದಂಡಿ ಓಣ್ಯಾಗ ವರತಿ ನೀರು ಕುಡದಾವ್ರಿಗೆ ಒಬ್ಬರಿಗೂ ಏನೂ ಆಗಿಲ್ಲ. ಮಳಿ ನೀರಿನ ಕೂಡ ಹೊಲಸು ದಿನಾ ಬಾವಿಗೆ ಇಳ್ಯಾಕತ್ತೈತಿ, ಪುಡಿ ಅದಕ್ಕ ಸಾಲಲಿಲ್ಲ. ಎಲ್ಲಿಂದ ಅಂದ್ರ...” ಆಕೆ ಕಟ್ಟೆಯ ಕಡೆಗೆ ತಿರುಗಲಿಲ್ಲ. “ಗುಡ್ಡಪ್ಪಾರ ಹಿತ್ತಲದಾಗಿನ ಸಂಡಾಸದಿಂದ. ನಿನ್ನೆ ಆ ಗುಂಡ್ಯಾಗ ನಾನ ಚಿಮಣಿ ಎಣ್ಣಿ ಸುರುವೇನಿ. ಇವತ್ತ ಬಾವಿ ನೀರು ಮೂಸಿ ನೋಡ್ರಿ.”

ಗುಡ್ಡಪ್ಪ ಎದ್ದು ನಿಂತ. ಮುಖ ಕಪ್ಪಿಟ್ಟಿತ್ತು.

“ನನ್ನ ಹಿತ್ತಲದಾಗ ಕಳ್ಳರಂಗ ಹೊಕ್ಕು ಎಣ್ಣಿ ಸುರುವಿದೇನು? ಬ್ಯಾಡ ಬ್ಯಾಡ ಅಂದ್ರೂ ಕೇಳದ ಕಟ್ಟಸು ಕಟ್ಟಸು ಅಂದಾಕಿ ಯಾರು? ಆ ಜಾಗಾ ತೋರಿಸಿದಾಕಿ ಯಾರು?”

ಗಂಡಸರ ಕಡೆಯಿಂದ ಇಬ್ಬರು ಮೂವರು ಮುಂದೆ ಬಂದರು. “ಹೇಳ! ಹೇಳ!” ಎಂದು ಒಬ್ಬ ಕೂಗಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಕೆ ಯೋಚಿಸಿದ್ದು ಈ ಗಳಿಗೆಯನ್ನೇ. ಮೇಸ್ತ್ರಿಯ ಮೇಲೆ ಹಾಕಬಹುದಿತ್ತು. ಮಳೆಯ ಮೇಲೆ ಹಾಕಬಹುದಿತ್ತು.

“ನಾನ,” ಎಂದಳು ಜುಬೇದಾ. “ಇಪ್ಪತ್ತು ಹೆಜ್ಜಿ ದೂರ ಇರಬೇಕು ಅಂತ ನನಗ ಕಲಿಸಿದ್ರು. ನಾ ಅಳತಿ ಮಾಡಲಿಲ್ಲ. ಗ್ವಾಡಿ ನೋಡಿ ಸುಮ್ಮನಾದೆ. ಹನ್ನೊಂದ ಹೆಜ್ಜಿ ಐತಿ. ಗುಡ್ಡಪ್ಪಾರದು ತಪ್ಪಿಲ್ಲ. ತಪ್ಪು ನಂದು.”

ಮುಂದೆ ಬಂದವರು ನಿಂತಲ್ಲೇ ನಿಂತರು. ಈಗ ಯಾರಾದರೂ ಹೊಡೆಯುತ್ತಾರೆ ಎಂದುಕೊಂಡು ಆಕೆ ಕಣ್ಣು ಮುಚ್ಚಿದಳು. ಯಾರೂ ಹೊಡೆಯಲಿಲ್ಲ. ಹೆಂಗಸರ ಕಡೆಯಿಂದ ಒಂದು ದನಿ ಬಂತು, ಕೂಗಲಿಲ್ಲ, ಅಡಿಗೆಮನೆಯಲ್ಲಿ ಕೇಳುವಷ್ಟೇ ಮೆಲ್ಲಗೆ ಕೇಳಿತು.

“ಬಾಯಿ. ನಾ ವರತಿ ನೀರ ಕುಡಿಸಿದ್ರ ನನ್ನ ಗಂಗಿ ಇರ್ತಿದ್ಲೇನು?”

ಶೇಖವ್ವ ಎದ್ದು ನಿಂತಿದ್ದಳು. ಸರಸ್ವತೀಬಾಯಿ ಕೇಳಿದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಜುಬೇದಾ ತಾನೇ ಕೇಳಿಕೊಳ್ಳಲು ಹೆದರಿ ಮೂರು ದಿನದಿಂದ ಸುತ್ತುಹಾಕಿ ತಿರುಗಿದ್ದು ಇದೇ ಪ್ರಶ್ನೆಯನ್ನು.

“ಹೌದು, ಶೇಖವ್ವಾ,” ಎಂದಳು. “ಇರ್ತಿದ್ಲು.”

ಶೇಖವ್ವ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿ, ಜನರ ನಡುವೆ ದಾರಿ ಮಾಡಿಕೊಂಡು ಹೊಳೆಯ ಕಡೆಗೆ ನಡೆದಳು. ಹೆಂಗಸರು ಕಾಲು ಹಿಂದಕ್ಕೆಳೆದುಕೊಂಡು ಜಾಗ ಬಿಟ್ಟರು. ಜುಬೇದಾ ಅವಳ ಬೆನ್ನು ನೋಡುತ್ತಲೇ ಉಳಿದದ್ದನ್ನು ಹೇಳಿದಳು. ವರತಿಯ ನೀರು ತಂದು ಮರಳ ಮರಳ ಕುದಿಸಿ ಆರಿಸಿ ಕುಡಿಯಿರಿ, ಭೇದಿ ಶುರುವಾದ ಕೂಡಲೇ ಉಪ್ಪು ಸಕ್ಕರೆ ಕಲಸಿದ ನೀರು ಕೊಡಿರಿ, ಬಾವಿಯ ಕಡೆ ಹೋಗಬೇಡಿರಿ. ದನಿ ಎಲ್ಲಿಂದ ಬರುತ್ತಿದೆ ಎಂದು ಆಕೆಗೇ ತಿಳಿಯಲಿಲ್ಲ. ಎಷ್ಟು ಹೊತ್ತು ಮಾತಾಡಿದಳೋ ಅದೂ ತಿಳಿಯಲಿಲ್ಲ.

ಮಾತು ಮುಗಿದಾಗ ಗುಡ್ಡಪ್ಪ ಕಟ್ಟೆಯಿಂದ ಇಳಿದು ನೆಟ್ಟಗೆ ಬಾವಿಗೆ ಹೋದ. ಜನ ಹಿಂದೆ ಹೋದರು. ಅವನು ಒಂದು ಕೊಡ ಸೇದಿ, ಬೊಗಸೆಯಲ್ಲಿ ತೆಗೆದು ಮೂಸಿದ. ಬಹಳ ಹೊತ್ತು ಬೊಗಸೆಯಲ್ಲೇ ಮುಖ ಇಟ್ಟುಕೊಂಡಿದ್ದ. ಆಮೇಲೆ ನೀರು ಚೆಲ್ಲಿ, ರಾಟೆಯಿಂದ ಹಗ್ಗ ಬಿಚ್ಚಿದ. ಬೇಲಿಯಿಂದ ದೊಡ್ಡದೊಂದು ಜಾಲಿಯ ಕಂಟಿ ಎಳೆದು ತಂದು ತಾನೇ ಬಾವಿಯ ಬಾಯಿಗೆ ಅಡ್ಡ ಹಾಕಿದ. ಜುಬೇದಾಳ ಕಡೆ ನೋಡಲಿಲ್ಲ.

ಆ ವಾರ ಇನ್ನೂ ನಾಲ್ವರು ಮಲಗಿದರು, ಒಬ್ಬ ಮುದುಕ ಹೋದ. ಅದರ ಮುಂದಿನ ವಾರ ರಜಿಸ್ಟರಿಗೆ ಹೊಸ ಹೆಸರು ಬರಲಿಲ್ಲ. ಸಂಡಾಸದ ಗುಂಡಿಯನ್ನು ತೆಗೆಸಿ ಮುಚ್ಚಿದರು. ಡಾಕ್ಟರು ಧಾರವಾಡಕ್ಕೆ ಕಳಿಸಿದ ಬಾವಿನೀರಿನ ರಿಪೋರ್ಟು ತಿಂಗಳ ಮೇಲೆ ಬಂತು, ಆಗ ಅದನ್ನು ಓದುವ ಅಗತ್ಯ ಯಾರಿಗೂ ಇರಲಿಲ್ಲ. ಜುಬೇದಾ ನಡೆದದ್ದನ್ನೆಲ್ಲ ತನ್ನ ಕೈಯಾರೆ ಬರೆದು ಅಣ್ಣಾಜಿ ಡಾಕ್ಟರಿಗೆ ಕೊಟ್ಟಳು. ಅವರು ಓದಿ, ಹಾಳೆ ಮಡಚಿ, “ವರ್ಗ ಬೇಕೇನು?” ಎಂದಷ್ಟೇ ಕೇಳಿದರು. ಹೌದೆನ್ನಲು ಬಾಯಿ ತೆರೆದವಳು, “ಬ್ಯಾಡ್ರಿ” ಎಂದಳು. ಯಾಕೆ ಹಾಗೆಂದೆ ಎಂದು ರಾಣೆಬೆನ್ನೂರಿನಿಂದ ಮರಳುವಾಗ ದಾರಿಯುದ್ದಕ್ಕೂ ಪರಿತಪಿಸಿದಳು. ಊರಲ್ಲಿ ಕೆಲವು ಬಾಗಿಲುಗಳು ಮೊದಲಿನ ಹಾಗೆ ತೆರೆದವು, ಕೆಲವು ತೆರೆಯಲಿಲ್ಲ. ಹೊಳೆದಂಡೆಯ ಓಣಿಗೆ ಹೋಗುವಾಗ ಪ್ರತಿ ಸಲವೂ ಶೇಖವ್ವನ ಬಾಗಿಲು ತಪ್ಪಿಸಿ ಸುತ್ತುಹಾಕಿ ಹೋಗುತ್ತಿದ್ದಳು.

ನಾಗರ ಪಂಚಮಿ ಕಳೆದು ನಾಲ್ಕು ದಿನವಾಗಿತ್ತು. ಮುಂಜಾನೆ ಉಪಕೇಂದ್ರದ ಬಾಗಿಲಿಗೆ ನೆರಳು ಬಿತ್ತು. ಶೇಖವ್ವ ನಿಂತಿದ್ದಳು. ಒಳಗೆ ಬಂದು ಕೂಸನ್ನು ಜುಬೇದಾಳ ತೊಡೆಯ ಮೇಲೆ ಇಟ್ಟಳು. ಕೂಸಿನ ಮೈ ಕಾದ ಹಂಚಿನಂತಿತ್ತು. ಜುಬೇದಾ ಥರ್ಮಾಮೀಟರನ್ನು ಅದರ ಕಂಕುಳಲ್ಲಿಟ್ಟು ಅಮುಕಿ ಹಿಡಿದಳು. ಶೇಖವ್ವ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು.

“ಎಷ್ಟು ದಿನ ಆತು?”

“ನಿನ್ನೆಯಿಂದ.”

“ಭೇದಿ?”

“ಇಲ್ಲ. ಕೆಮ್ಮು ಐತಿ.”

ಜುಬೇದಾ ಔಷಧಿಯನ್ನು ಚಮಚಕ್ಕೆ ಸುರಿದು, ಅಳತೆಯ ಗೆರೆಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ಮೂರನೆಯ ಸಲ ನೋಡುವಾಗ ಶೇಖವ್ವ ತಿರುಗಿ, “ಕುಡಸ, ಬಾಯಿ” ಎಂದಳು.